ತೊಳೆದು ಒಣಗಿಸಿದ ಹಾಡು

ಅಳಬೇಕಾದ ಹೊತ್ತಿನಲ್ಲಿಯೇ ನಗು ಬರುವಂಥ ಸಂಗತಿಗಳು ಹಳೆಯ ಸಾಮಾನಿನ ಅಂಗಡಿಯಲ್ಲಿ ನಡೆದಷ್ಟು ಬೇರೆಲ್ಲಿಯೂ ನಡೆಯಲಾರವು. ಕಾರಣ ಸರಳವಾದದ್ದು. ನಮ್ಮಲ್ಲಿಗೆ ಬರುವ ಪ್ರತಿಯೊಂದು ವಸ್ತುವೂ ಯಾರೋ ತೀರಿಕೊಂಡದ್ದರಿಂದ, ಇಲ್ಲವೇ ಯಾರೋ ಈ ದೇಶವನ್ನು ಬಿಟ್ಟು ಹೋದದ್ದರಿಂದ ಬರುತ್ತದೆ. ಮತ್ತು ಅದನ್ನು ಹೊತ್ತು ತರುವವರು ನಾವು.

ನಾವು ಎಂದರೆ ಮೂವರು. ಮೊದಲನೆಯವರು ಎಪ್ಪತ್ತರ ಹೊಸ್ತಿಲಲ್ಲಿರುವ, ಉಳ್ಳಾಲದ ಕಡೆಯ ಬ್ಯಾರಿ ಹಿರಿಯರು. ಅವರನ್ನು ಎಲ್ಲರೂ ಕಾಕ ಎಂದೇ ಕರೆಯುತ್ತಾರೆ. ಎರಡನೆಯವರು ಇಪ್ಪತ್ತು ವರ್ಷ ಹೋಟೆಲಿನ ಪಾತ್ರೆ ತೊಳೆಯುವ ವಿಭಾಗವನ್ನು ಆಳಿ, ಅಲ್ಲಿಂದ ನಮ್ಮಲ್ಲಿಗೆ ಬಂದ ಉಡುಪಿಯ ಅಣ್ಣ. ಮೂರನೆಯವನು ಕನ್ನಡ ಎಂ.ಎ. ಮಾಡಿರುವ ನಾನು. ಆದರೆ ನನ್ನ ಇಕಾಮಾದ, ಎಂದರೆ ಇಲ್ಲಿನ ವಾಸದ ಪರವಾನಗಿಯ, ಪ್ರಕಾರ ನಾನು ಬಡಗಿ. ಮೊಳೆ ಹೊಡೆಯಲು ಬಾರದ ಬಡಗಿಯನ್ನು ನಮ್ಮ ಕಫೀಲ್, ಎಂದರೆ ಅಂಗಡಿಯ ಕುವೈತಿ ಮಾಲೀಕರು, ಸಾಮಾನುಗಳ ಪಟ್ಟಿ ಬರೆಯಲು ಕೂರಿಸಿದ್ದಾರೆ. ಅಂಗಡಿ ಇರುವುದು ಕುವೈತ್ ಸಿಟಿಯ ಹಳೆಯ ಮಾರುಕಟ್ಟೆಯ ಅಂಚಿನಲ್ಲಿ, ಗೋದಾಮು ಸುಲೈಬಿಯಾದಲ್ಲಿ, ನಾವು ಮೂವರೂ ಮಲಗುವ ಕೋಣೆ ಫರ್ವಾನಿಯಾದಲ್ಲಿ.

ಹೋದ ಬೇಸಗೆಯಲ್ಲಿ ಒಂದು ಗ್ರಾಮಾಫೋನ್ ರೆಕಾರ್ಡಿನ ಸುತ್ತ ನಡೆದ ಕೆಲವು ಪ್ರಸಂಗಗಳನ್ನು ಮಾತ್ರ ಇಲ್ಲಿ ಹೇಳುತ್ತೇನೆ.

ಮಸಿಯ ಅಂಗಿ

ಆ ರೆಕಾರ್ಡ್ ಬಂದದ್ದು ತೀರಿಕೊಂಡ ಒಬ್ಬ ಇಂಜಿನಿಯರರ ಮನೆಯಿಂದ. ಮಕ್ಕಳು ಇಡೀ ಮನೆಯ ಸಾಮಾನನ್ನು ಒಟ್ಟಾಗಿ ನಮ್ಮ ಕಫೀಲ್‌ಗೆ ಮಾರಿದ್ದರು. ಗೋದಾಮಿನಲ್ಲಿ ರಟ್ಟಿನ ಪೆಟ್ಟಿಗೆಗಳನ್ನು ಬಿಚ್ಚುತ್ತಿದ್ದಾಗ, ಎಪ್ಪತ್ತರ ದಶಕದ ಒಂದು ಅಮೆರಿಕನ್ ಹೊಡೆದಾಟದ ಚಿತ್ರದ ಹಾಡುಗಳಿದ್ದ ಎಲ್‌ಪಿ ನನ್ನ ಕೈಗೆ ಸಿಕ್ಕಿತು. ಆ ಕಾಲದಲ್ಲಿ ಕಪ್ಪು ಜನರೇ ನಾಯಕ, ನಾಯಕಿ, ಖಳ, ಪತ್ತೇದಾರ ಎಲ್ಲವೂ ಆಗಿ, ತಮ್ಮ ಕೇರಿಯನ್ನು ತಾವೇ ಕಾಯ್ದುಕೊಳ್ಳುವ ಇಂಥ ಚಿತ್ರಗಳ ಒಂದು ಅಲೆಯೇ ಎದ್ದಿತ್ತೆಂದೂ, ಅವುಗಳಲ್ಲಿನ ‘ಸೋಲ್’ ಎಂಬ ಅವರದೇ ಸಂಗೀತ ಅನೇಕ ವೇಳೆ ಚಿತ್ರಗಳಿಗಿಂತ ಹೆಚ್ಚು ಕಾಲ ಬಾಳಿತೆಂದೂ ನಾನು ಓದಿ ಬಲ್ಲೆ. ಹೊದಿಕೆಯ ಮೇಲೆ ಮೊಣಕಾಲು ಮುಟ್ಟುವ ತೊಗಲಿನ ಕೋಟು ತೊಟ್ಟು, ಕೊಡೆಯಷ್ಟು ಅಗಲ ಕೂದಲು ಬಿಟ್ಟು, ಪಿಸ್ತೂಲು ಹಿಡಿದು ನಿಂತ ನಾಯಕನಿದ್ದ. ಅವನ ಪಕ್ಕದಲ್ಲಿ ಒಬ್ಬ ಹೆಂಗಸು. ಆಕೆಯನ್ನು ಕುತ್ತಿಗೆಯಿಂದ ಪಾದದವರೆಗೆ ಯಾರೋ ಹಿಂದೆಂದೋ ಕಪ್ಪು ಮಸಿಯಿಂದ ಮುಚ್ಚಿಬಿಟ್ಟಿದ್ದರು. ಹೊರದೇಶದಿಂದ ಬಂದ ಚಿತ್ರಗಳಲ್ಲಿ ಬರಿಯ ತೋಳು, ಬರಿಯ ಕಾಲು ಕಂಡರೆ ಮಸಿ ಬಳಿಯುವ ರೂಢಿ ಇಲ್ಲಿ ಹಳೆಯದು.

‘ಹೊದಿಕೆಗೆ ಹಾನಿಯಾಗಿದೆ’ ಎಂದು ನಾನು ಪಟ್ಟಿಯಲ್ಲಿ ಬರೆಯುವಷ್ಟರಲ್ಲಿ ಕಾಕ ಅದನ್ನು ನನ್ನ ಕೈಯಿಂದ ತೆಗೆದುಕೊಂಡು ದೂರ ಹಿಡಿದು ನೋಡಿದರು.

“ಮಾಷ್ಟ್ರೇ, ಈ ಹೆಂಗಸು ನನಗೆ ಗೊತ್ತುಂಟು,” ಎಂದರು. ಎಂ.ಎ. ಎಂಬ ಎರಡು ಅಕ್ಷರಗಳ ಕಾರಣಕ್ಕೆ ಅವರು ನನ್ನನ್ನು ಮಾಷ್ಟ್ರೇ ಎಂದೇ ಕರೆಯುತ್ತಾರೆ.

“ಹೇಗೆ ಕಾಕ?” ಎಂದು ನಾನು ಅವರ ಬಲಗಿವಿಯ ಬಳಿ ಕೂಗಿ ಕೇಳಿದೆ. ಎಡಗಿವಿ ಗೋದಾಮಿನ ಜನರೇಟರಿನ ಪಕ್ಕದಲ್ಲಿ ಕೆಲಸ ಮಾಡಿ ಮಾಡಿ ಹೋಗಿತ್ತು. ಬಲಗಿವಿಯೂ ಈಚೆಗೆ ಮಂದವಾಗುತ್ತಿತ್ತು.

ಕಾಕ ಈ ದೇಶಕ್ಕೆ ಬಂದ ಹೊಸತರಲ್ಲಿ ಒಂದು ಸಿನೆಮಾ ಮಂದಿರದ ಬಾಗಿಲು ಕಾಯುತ್ತಿದ್ದರಂತೆ. ಈ ಚಿತ್ರ ಅಲ್ಲಿ ಒಂದೂವರೆ ತಿಂಗಳು ಓಡಿತಂತೆ. ಭಿತ್ತಿಪತ್ರಗಳನ್ನು ಗೋಡೆಗೆ ಅಂಟಿಸುವ ಮೊದಲು ಮ್ಯಾನೇಜರು ಒಂದು ಡಬ್ಬಿ ಕಪ್ಪು ಬಣ್ಣವನ್ನೂ ಬ್ರಶ್ಶನ್ನೂ ಕೊಟ್ಟು, “ಇವಳನ್ನು ಮರ್ಯಾದೆಯಾಗಿ ಮುಚ್ಚು,” ಎನ್ನುತ್ತಿದ್ದರಂತೆ.

“ಹಾಗಾದ್ರೆ ಮುಖ ನೋಡಿ ಗುರುತು ಹಿಡಿದದ್ದಾ?” ಎಂದು ಅಣ್ಣ ಕೇಳಿದರು.

“ಮುಖ ಯಾರು ನೋಡಿದ್ದು ಮಾರಾಯ? ಇವಳಿಗೆ ಅಂಗಿ ಹೊಲಿದವನೇ ನಾನು,” ಎಂದ ಕಾಕ, ಹೊದಿಕೆಯ ಮಸಿಯನ್ನು ಬೆರಳಿನಿಂದ ಸವರಿ ತಲೆ ಅಲ್ಲಾಡಿಸಿದರು. “ಇದು ಬೇರೆ ಟೈಲರಿನ ಕೆಲಸ. ತೋಳು ಸರಿ ಕೂತಿಲ್ಲ.”

ಪಾಸು

ಅದೇ ವಾರ ಕಾಕನ ಬಲಗಿವಿಯ ನೋವು ಹೆಚ್ಚಾಯಿತು. ದುಭಾಷಿಯಾಗಿ ನಾನೂ ಆಸ್ಪತ್ರೆಗೆ ಹೋದೆ. ಅಲ್ಲಿ ಅವರನ್ನು ಗಾಜಿನ ಕಿಟಕಿಯಿದ್ದ ಒಂದು ಸಣ್ಣ ಕೋಣೆಯಲ್ಲಿ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಕೈಗೊಂದು ಗುಂಡಿ ಕೊಟ್ಟರು. ಶಬ್ದ ಕೇಳಿಸಿದಾಗಲೆಲ್ಲ ಗುಂಡಿ ಒತ್ತಬೇಕು; ಪರೀಕ್ಷೆ ಇಷ್ಟೇ. ಗಾಜಿನ ಈಚೆ ಕುಳಿತ ತಂತ್ರಜ್ಞೆ ಯಂತ್ರದ ಕೀಲಿಗಳನ್ನು ಅದುಮುತ್ತಾ ಹೋದಳು. ಕಾಕ ಒಂದೂ ತಪ್ಪದಂತೆ ಗುಂಡಿ ಒತ್ತಿದರು.

ಬಂದ ಫಲಿತಾಂಶವನ್ನು ನೋಡಿ ವೈದ್ಯರು ಬೆರಗಾದರು. “ಇವರ ಕಿವಿ ನನ್ನ ಕಿವಿಗಿಂತ ಚೆನ್ನಾಗಿದೆ,” ಎಂದು ಹೇಳಿ, ಕಾಕನ ಕಡೆ ತಿರುಗಿ, “ನೋವು ಎಷ್ಟು ದಿನದಿಂದ ಇದೆ?” ಎಂದು ಕೇಳಿದರು.

ಕಾಕ ನಗುನಗುತ್ತಾ, “ಅಲ್‌ಹಮ್ದುಲಿಲ್ಲಾಹ್, ಮೂವರು ಹೆಣ್ಣುಮಕ್ಕಳು. ಎಲ್ಲರಿಗೂ ಮದುವೆ ಆಯಿತು,” ಎಂದರು.

ನನಗೆ ಆಗ ಹೊಳೆಯಿತು. ಕಾಗದವೊಂದರಲ್ಲಿ ದೊಡ್ಡ ಅಕ್ಷರಗಳಲ್ಲಿ ಬರೆದು ತೋರಿಸಿದೆ: ‘ನೀವು ಶಬ್ದ ಕೇಳಿ ಒತ್ತಿದಿರೋ, ಆಕೆಯ ಕೈ ನೋಡಿ ಒತ್ತಿದಿರೋ?’

“ಕೈ ನೋಡಿ. ಶಬ್ದ ಯಾರಿಗೆ ಬೇಕು ಮಾಷ್ಟ್ರೇ? ಪಾಸಾಗಬೇಕಲ್ಲ!”

ಕೊಲ್ಲಿ ದೇಶಗಳಿಗೆ ಬರುವವನು ಕಲಿಯುವ ಮೊದಲ ಪಾಠವೇ ಇದು. ವಿಮಾನ ಹತ್ತುವ ಮೊದಲು ರಕ್ತ, ಎದೆ, ಕಣ್ಣು ಪಾಸಾಗಬೇಕು. ಇಳಿದ ಮೇಲೆ ಮತ್ತೊಮ್ಮೆ ಪಾಸಾಗಬೇಕು. ನಪಾಸಾದವನಿಗೆ ಇಕಾಮಾ ಇಲ್ಲ, ಊರಿನ ಟಿಕೆಟ್ಟು ಮಾತ್ರ. ಬದುಕಿನ ಅರ್ಧಕ್ಕಿಂತ ಹೆಚ್ಚು ಭಾಗವನ್ನು ಹೀಗೆ ಪಾಸಾಗುತ್ತಲೇ ಕಳೆದವರಿಗೆ, ವೈದ್ಯರ ಮುಂದೆ ಕಾಯಿಲೆಯನ್ನು ಒಪ್ಪಿಕೊಳ್ಳುವುದೆಂದರೆ ಪೊಲೀಸರ ಮುಂದೆ ಕಳ್ಳತನವನ್ನು ಒಪ್ಪಿಕೊಂಡಂತೆ.

ಕಾಕನನ್ನು ಗೋಡೆಯ ಕಡೆ ಮುಖ ಮಾಡಿ ಕೂರಿಸಿ ಪರೀಕ್ಷೆಯನ್ನು ಮತ್ತೆ ನಡೆಸಿದರು. ಬಹಳ ಹೊತ್ತು ಅವರು ಒಮ್ಮೆಯೂ ಗುಂಡಿ ಒತ್ತಲಿಲ್ಲ. ತೀರ ಕೊನೆಯಲ್ಲಿ, ತಗ್ಗಿನ ದಪ್ಪ ಶಬ್ದಗಳು ಮಾತ್ರ ಅವರಿಗೆ ಕೇಳಿಸಿದವು. ಎರಡು ದಿನಗಳ ನಂತರ ಸ್ಕ್ಯಾನಿನಲ್ಲಿ ಕಿವಿಯ ನರದ ಮೇಲೆ ಬೆಳೆದಿದ್ದ ಗಡ್ಡೆ ಕಂಡಿತು. ತಿಂಗಳೊಳಗೆ ಶಸ್ತ್ರಚಿಕಿತ್ಸೆಯಾಗಬೇಕು, ಜೀವಕ್ಕೆ ಭಯವಿಲ್ಲ, ಆದರೆ ಉಳಿದಿರುವ ಈ ಒಂದು ಕಿವಿಯೂ ಹೋಗುತ್ತದೆ ಎಂದರು ವೈದ್ಯರು. ನನಗೆ ತಿಳಿದಷ್ಟು ಮೃದುವಾದ ಕನ್ನಡದಲ್ಲಿ ಅದನ್ನು ಬರೆದುಕೊಟ್ಟೆ. ಕಾಕ ಎರಡು ಸಲ ಓದಿ, ಕಾಗದವನ್ನು ಮಡಿಸಿ ಜೇಬಿಗೆ ಹಾಕಿದರು.

“ಇಷ್ಟು ಬೆಳೆಯುವವರೆಗೆ ಯಾರಿಗೂ ತೋರಿಸಲಿಲ್ಲವೇ?” ಎಂದು ವೈದ್ಯರು ಕೇಳಿದರು. ಅದನ್ನೂ ಬರೆದು ತೋರಿಸಿದೆ.

“ತೋರಿಸಿದ್ದೆ. ಮೂರು ವರ್ಷದ ಹಿಂದೆ ಇದೇ ನೋವಿಗೆ ಬಂದಿದ್ದೆ. ಇದೇ ಗಾಜಿನ ಕೋಣೆ, ಇದೇ ಪರೀಕ್ಷೆ,” ಎಂದರು ಕಾಕ. “ಆಗ ಫಸ್ಟ್ ಕ್ಲಾಸಿನಲ್ಲಿ ಪಾಸಾಗಿದ್ದೆ.”

ಬಾಗಿಲಾಚೆಯ ಚಿತ್ರ

ಮಂಗಳೂರಿನಲ್ಲಿ ಶಸ್ತ್ರಚಿಕಿತ್ಸೆ ಎಂದು ನಿಶ್ಚಯವಾಯಿತು. ಹೊರಡಲು ಮೂರು ವಾರಗಳಿದ್ದವು. ಕಾಕ ಕೇಳಿಕೊಂಡದ್ದು ಒಂದನ್ನೇ.

“ಕಿವಿ ಮುಚ್ಚುವ ಮೊದಲು ಆ ತಟ್ಟೆ ಒಮ್ಮೆ ಕೇಳಬೇಕಿತ್ತು ಮಾಷ್ಟ್ರೇ.”

“ಕೇಳಿಸಿಯೇ ತೀರುತ್ತೇನೆ,” ಎಂದು ನಾನು ಮಾತು ಕೊಟ್ಟೆ. ಒಬ್ಬ ಮನುಷ್ಯನ ಶ್ರವಣಕ್ಕೆ ಸಲ್ಲಬೇಕಾದ ಕೊನೆಯ ಗೌರವ ಎಂಬಂಥ ಮಾತನ್ನೂ ಆಡಿದೆನೆಂದು ತೋರುತ್ತದೆ. ಅದೃಷ್ಟವಶಾತ್ ಅದು ಅವರಿಗೆ ಕೇಳಿಸಲಿಲ್ಲ.

ಮೊಬೈಲಿನಲ್ಲಿ ಹುಡುಕಿದೆ. ಚಿತ್ರದ ಹೆಸರು ಎಲ್ಲೋ ಒಂದು ಪಟ್ಟಿಯಲ್ಲಿ ಸಿಕ್ಕಿತೇ ಹೊರತು ಹಾಡುಗಳು ಸಿಗಲಿಲ್ಲ. ಅಂಗಡಿಯಲ್ಲಿ ಮರದ ಪೆಟ್ಟಿಗೆಯ ದೊಡ್ಡ ರೇಡಿಯೋಗ್ರಾಮ್ ಒಂದಿತ್ತು. ದಪ್ಪ ಶಬ್ದಗಳನ್ನು ನೆಲ ನಡುಗುವಂತೆ ನುಡಿಸಬಲ್ಲ ಹಳೆಯ ಯಂತ್ರ. ಆದರೆ ಅದರ ಮುಳ್ಳು ಮುರಿದಿತ್ತು. ಕಫೀಲ್‌ರನ್ನು ಬೇಡಿಕೊಂಡಾಗ ಅವರು ದುಬೈಯಿಂದ ಹೊಸ ಮುಳ್ಳು ತರಿಸುವುದಾಗಿ ಹೇಳಿದರು. ಅದು ಬರಲು ಎರಡು ವಾರ.

ಆ ಬಿಡುವಿನಲ್ಲಿ, “ಚಿತ್ರದಲ್ಲಿ ಅಂಥದ್ದೇನಿತ್ತು ಕಾಕ?” ಎಂದು ಬರೆದು ಕೇಳಿದೆ.

“ನನಗೇನು ಗೊತ್ತು? ನಾನು ನೋಡಿಲ್ಲ.”

ಬಾಗಿಲು ಕಾಯುವವನು ಬಾಗಿಲ ಹೊರಗೇ ನಿಲ್ಲಬೇಕೆಂಬುದು ಮ್ಯಾನೇಜರಿನ ಕಟ್ಟಪ್ಪಣೆಯಂತೆ. ಒಂದೂವರೆ ತಿಂಗಳು, ದಿನಕ್ಕೆ ಮೂರು ಆಟ, ಕಾಕ ಬಾಗಿಲಿಗೆ ಬೆನ್ನು ಕೊಟ್ಟು ನಿಂತು, ಒಳಗಿನ ಸದ್ದಿನಿಂದಲೇ ಕತೆ ಕಟ್ಟಿಕೊಂಡಿದ್ದರು. ಆಗ ಅವರಿಗೆ ಇಂಗ್ಲಿಷ್ ಒಂದಕ್ಷರವೂ ತಿಳಿಯದು.

“ನಡುವಿನಲ್ಲಿ ಆ ಹೆಂಗಸಿನ ಒಂದು ಹಾಡು ಉಂಟು. ಎಷ್ಟು ಬೇಸರ ಅಂದರೆ, ನಿಂತಲ್ಲೇ ಉಮ್ಮನ ನೆನಪಾಗುವುದು. ಹಾಡು ಮುಗಿದ ಕೂಡಲೇ ಗುಂಡಿನ ಶಬ್ದ. ಪಾಪ, ಕೊಂದರು ಅಂತ ಎಣಿಸಿದೆ. ಮೂರು ಆಟಕ್ಕೂ ಬಾಗಿಲ ಹತ್ತಿರ ನಿಂತು ಅವಳಿಗಾಗಿ ದುಆ ಮಾಡುತ್ತಿದ್ದೆ.”

“ಒಂದೂವರೆ ತಿಂಗಳು?”

“ಹೂಂ. ಕೊನೆಯ ವಾರ ಒಬ್ಬ ಮಲಯಾಳಿ ಹೊರಗೆ ಬರುವಾಗ ಕತೆ ಹೇಳಿದ. ಸತ್ತದ್ದು ಅವಳಲ್ಲವಂತೆ. ಹಾಡು ಮುಗಿದ ಕೂಡಲೇ ಅವಳೇ ಕೋಟಿನೊಳಗಿಂದ ಬಂದೂಕು ತೆಗೆದು ಏಳು ಜನರನ್ನು ಕೊಲ್ಲುವುದಂತೆ.”

ಅಣ್ಣ ನಗು ತಡೆಯಲಾರದೆ, “ಹಾಗಾದ್ರೆ ನಿಮ್ಮ ದುಆ ಎಲ್ಲಿಗೆ ಹೋಯ್ತು ಕಾಕ?” ಎಂದು ಕೈಸನ್ನೆಯಲ್ಲಿಯೇ ಕೇಳಿದರು.

“ಆ ಏಳು ಜನ ಹಂಚಿಕೊಂಡಿರಬಹುದು,” ಎಂದರು ಕಾಕ.

ಬಿಸಿಲು

ಮುಳ್ಳು ಬರುವ ಮುನ್ನಾದಿನ ನಾನು ಗೋದಾಮಿನ ಕೆಲಸ ಮುಗಿಸಿ ಕೋಣೆಗೆ ಮರಳಿದಾಗ, ರೆಕಾರ್ಡಿನ ಹೊದಿಕೆ ಮೇಜಿನ ಮೇಲಿತ್ತು. ಒಳಗೆ ತಟ್ಟೆ ಇರಲಿಲ್ಲ.

“ಅಣ್ಣಾ, ರೆಕಾರ್ಡ್ ಎಲ್ಲಿ?”

“ಎಂತ ಧೂಳು ಮಾರಾಯ್ರೆ ಅದರಲ್ಲಿ! ಕಾಕ ಕೊನೆಗೊಮ್ಮೆ ಕೇಳುವುದು, ಹಾಗೇ ಕೊಡುವುದು ಹೇಗೆ? ಚೆಂದ ಮಾಡಿ ತೊಳೆದಿದ್ದೇನೆ.”

“ಯಾವುದರಿಂದ?”

“ಪಾತ್ರೆಯ ಲಿಕ್ವಿಡ್ ಉಂಟಲ್ಲ, ಲಿಂಬೆಯದ್ದು. ಒಂದೊಂದು ಗೆರೆಯೂ ಫಳಫಳ ಹೊಳೆಯುವುದು. ಹೋಟೆಲಿನಲ್ಲಿದ್ದಾಗ ನನ್ನ ಕೈಯಿಂದ ಒಂದು ತಟ್ಟೆಯೂ ವಾಪಸು ಬಂದದ್ದಿಲ್ಲ.”

ಅಲ್ಲಿಯವರೆಗೆ ನಾನು ಧೈರ್ಯಗೆಟ್ಟಿರಲಿಲ್ಲ. ತೊಳೆದರೆ ರೆಕಾರ್ಡ್ ಕೆಡಬೇಕೆಂದೇನೂ ಇಲ್ಲ. “ಈಗ ಅದು ಎಲ್ಲಿದೆ?” ಎಂದೆ.

“ಟೆರೇಸಿನ ಮೇಲೆ. ಒಣಗಬೇಡವಾ?”

ಜುಲೈ ತಿಂಗಳು. ಈ ಊರಿನಲ್ಲಿ ಜುಲೈ ತಿಂಗಳ ಬಿಸಿಲೆಂದರೆ ಕಾರಿನ ಬಾಗಿಲ ಹಿಡಿಯನ್ನು ಬರಿಗೈಯಲ್ಲಿ ಮುಟ್ಟಲಾಗದಷ್ಟು ಬಿಸಿಲು. ಮೆಟ್ಟಿಲುಗಳನ್ನು ಎರಡೆರಡಾಗಿ ಹಾರಿ ಮೇಲೆ ಹೋದೆ. ಊರಿನಲ್ಲಿ ಹಲಸಿನ ಹಪ್ಪಳವನ್ನು ಒಣಗಿಸುವ ಕ್ರಮದಲ್ಲಿಯೇ, ಚಾಪೆ ಹಾಸಿ, ಅದರ ಮೇಲೆ ಬಿಳಿಯ ಬಟ್ಟೆ ಹರಡಿ, ಗಾಳಿಗೆ ಹಾರದಂತೆ ನಾಲ್ಕು ಮೂಲೆಗೂ ಕಲ್ಲಿಟ್ಟು, ನಟ್ಟನಡುವೆ ಅಣ್ಣ ಆ ಹಾಡುಗಳನ್ನು ಒಣಗಲು ಇಟ್ಟಿದ್ದರು. ತಟ್ಟೆಯ ಅಂಚು ಸುತ್ತಲೂ ಅಲೆಅಲೆಯಾಗಿ ಮೇಲೆದ್ದಿತ್ತು.

ನನ್ನ ಹಿಂದೆಯೇ ಏರಿ ಬಂದ ಅಣ್ಣನ ಮುಖ ಬಿಳಿಚಿಕೊಂಡಿತು. “ಹತ್ತೇ ನಿಮಿಷ ಇಟ್ಟದ್ದು. ಅಷ್ಟರಲ್ಲಿ ಮೆಣಸು ಕೂಡ ಒಣಗುವುದಿಲ್ಲ ಮಾರಾಯ್ರೆ,” ಎಂದವರೇ ಟೆರೇಸಿನ ಕಟ್ಟೆಯ ಮೇಲೆ ಕುಳಿತುಬಿಟ್ಟರು. ಇಪ್ಪತ್ತು ವರ್ಷ ಯಾವ ತಟ್ಟೆಯನ್ನೂ ಕೆಡಿಸದ ಮನುಷ್ಯ ಆ ಸುಡುಬಿಸಿಲಿನಲ್ಲಿ ಕುಳಿತು ಅತ್ತರು.

ಗದ್ದಲ ಕಿವಿಗೆ ಬೀಳದಿದ್ದರೂ ಏನೋ ನಡೆದಿದೆಯೆಂದು ಊಹಿಸಿ ಕಾಕ ನಿಧಾನವಾಗಿ ಮೇಲೆ ಬಂದರು. ನಾನು ಅವರ ದಾರಿಗೆ ಅಡ್ಡ ನಿಂತೆ, ಪ್ರಯೋಜನವಾಗಲಿಲ್ಲ. ಅವರು ಬಾಗಿ ಆ ತಟ್ಟೆಯನ್ನು ಎತ್ತಿಕೊಂಡು, ಹಿಂದೆ ಮುಂದೆ ತಿರುಗಿಸಿ, ಬಹಳ ಹೊತ್ತು ನೋಡಿದರು. ಆಮೇಲೆ ಅಣ್ಣನ ಹೆಗಲ ಮೇಲೆ ಕೈಯಿಟ್ಟರು.

“ಅಳಬೇಡ ಮಾರಾಯ, ಚೆಂದವೇ ಒಣಗಿದೆ. ಇನ್ನು ಎಣ್ಣೆಗೆ ಬಿಡುವುದೊಂದು ಬಾಕಿ.”

ಸಾಹಿತ್ಯದ ಭಾರ

ಬಾಗಿದ ರೆಕಾರ್ಡನ್ನು ಎರಡು ಗಾಜಿನ ಹಲಗೆಗಳ ನಡುವೆ ಇಟ್ಟು, ಹದವಾಗಿ ಬಿಸಿ ಮಾಡಿ, ಮೇಲೆ ಭಾರ ಹೇರಿದರೆ ಸ್ವಲ್ಪ ಮಟ್ಟಿಗೆ ನೇರವಾಗುತ್ತದೆಂದು ಓದಿ ತಿಳಿದೆ. ಗಾಜು ಅಂಗಡಿಯಿಂದ ಬಂತು. ಬಿಸಿಗೆ ಕೊರತೆಯೇ ಇರಲಿಲ್ಲ. ಭಾರಕ್ಕೆ ಅಣ್ಣ ಅಕ್ಕಿಯ ಮೂಟೆ ತಂದಿಟ್ಟರೆ ಅದು ಒಂದು ಕಡೆಗೆ ವಾಲಿತು.

“ಚೌಕವಾದದ್ದು ಬೇಕು, ಸಮ ಕೂರುವಂಥದ್ದು,” ಎಂದು ಹೇಳಿ ಅಣ್ಣ ಕೋಣೆಯನ್ನೆಲ್ಲ ನೋಡಿದರು. ಅವರ ಕಣ್ಣು ನನ್ನ ಮಂಚದ ಕೆಳಗೆ ನಿಂತಿತು.

ಅಲ್ಲಿ ನನ್ನ ಪುಸ್ತಕಗಳಿದ್ದವು. ಬಟ್ಟೆಗಳನ್ನು ಊರಿನಲ್ಲಿಯೇ ಬಿಟ್ಟು, ಅನುಮತಿಸಿದ ತೂಕದ ಬಹುಭಾಗವನ್ನು ಕೊಟ್ಟು ನಾನು ವಿಮಾನದಲ್ಲಿ ತಂದ ನಿಘಂಟಿನ ಸಂಪುಟಗಳು, ಕಾವ್ಯಮೀಮಾಂಸೆ, ಛಂದಸ್ಸು. ಇಲ್ಲಿ ನಮ್ಮವರ ಮಕ್ಕಳಿಗೆ ವಾರಕ್ಕೊಮ್ಮೆ ಕನ್ನಡ ಕಲಿಸಬೇಕೆಂಬುದು ನನ್ನ ಕನಸಾಗಿತ್ತು. ಮೊದಲ ವಾರ ಐದು ಮಕ್ಕಳು ಬಂದರು. ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರಿಸಿದರು. ಎರಡನೆಯ ವಾರ ಯಾರೂ ಬರಲಿಲ್ಲ. ಅಂದಿನಿಂದ ಆ ಸಂಪುಟಗಳನ್ನು ಒಬ್ಬರೂ ಕೇಳಿರಲಿಲ್ಲ.

ಗಾಜಿನ ಮೇಲೆ ಅವನ್ನು ನಾನೇ ಜೋಡಿಸಿದೆ. ಸ್ವರದಿಂದ ತೊಡಗುವ ಸಂಪುಟ ಕೆಳಗೆ, ಉಳಿದವು ಅನುಕ್ರಮವಾಗಿ ಮೇಲೆ. ಮೂರು ದಿನ ಅವು ಅಲ್ಲಾಡದೆ ಕುಳಿತವು. ತೆಗೆದು ನೋಡಿದಾಗ ತಟ್ಟೆಯ ಹೊರ ಅಂಚಿನಲ್ಲಿ ಅಲೆಗಳು ಇನ್ನೂ ಉಳಿದಿದ್ದರೂ, ನಡುವಿಗೆ ಹತ್ತಿರವಾದ ಭಾಗ ಮಟ್ಟಸವಾಗಿತ್ತು.

ಅಣ್ಣನಿಗೆ ಹೋದ ಜೀವ ಬಂದಂತಾಯಿತು. ಸಂಪುಟಗಳನ್ನು ಒಂದೊಂದಾಗಿ ಒರೆಸಿ ನನ್ನ ಕೈಗೆ ಕೊಡುತ್ತಾ, ಮನಸ್ಸು ತುಂಬಿ ಹೇಳಿದರು:

“ಓದು ಹಾಳಾಗುವುದಿಲ್ಲ ಮಾರಾಯ್ರೆ. ನೀವು ಎಂ.ಎ. ಬದಲು ಬಿ.ಎ. ಮಾಡಿದ್ದರೆ ಇಷ್ಟು ತೂಕ ಎಲ್ಲಿಂದ ತರುವುದಿತ್ತು?”

ಕೊನೆಯ ಆಟ

ಇದನ್ನು ಬರೆಯುವ ಹೊತ್ತಿಗೆ ಕಾಕ ಊರಿನಲ್ಲಿದ್ದಾರೆ. ಗಡ್ಡೆ ಹೋಯಿತು, ಜೀವ ಉಳಿಯಿತು. ವೈದ್ಯರು ಹೇಳಿದ್ದಂತೆಯೇ ಕಿವಿ ಉಳಿಯಲಿಲ್ಲ. ಈಗ ಅವರಿಗೆ ಬಾಂಗೂ ಕೇಳಿಸುವುದಿಲ್ಲ, ಮೊಮ್ಮಕ್ಕಳ ಮಾತೂ ಕೇಳಿಸುವುದಿಲ್ಲ. ಆದ್ದರಿಂದ ಅವರು ಹೊರಡುವ ಹಿಂದಿನ ದಿನದ ಮಧ್ಯಾಹ್ನ ನಡೆದದ್ದನ್ನು ಹೇಳಿ ಮುಗಿಸುವುದು ನನ್ನ ಕರ್ತವ್ಯ.

ಮಧ್ಯಾಹ್ನದ ವಿರಾಮಕ್ಕೆ ಅಂಗಡಿ ಮುಚ್ಚಿತ್ತು. ಬೀದಿಯಲ್ಲಿ ನರಪಿಳ್ಳೆ ಇರಲಿಲ್ಲ. ಮರದ ಎರಡೂ ಬಾಗಿಲುಗಳನ್ನು ಒಳಗಿನಿಂದ ಹಾಕಿ, ಎ.ಸಿ. ಹಚ್ಚಿ, ರೇಡಿಯೋಗ್ರಾಮಿನ ಮುಂದೆ ನಾಲ್ಕು ಕುರ್ಚಿ ಇಟ್ಟೆವು. ನಾಲ್ಕನೆಯದು ಕಫೀಲ್‌ಗೆ. ಅವರು ಶಾಲೆಗೆ ಹೋಗುವ ವಯಸ್ಸಿನಿಂದ ಕಾಕನನ್ನು ಬಲ್ಲವರು. ಅಂಗಡಿಯಲ್ಲಿ ಯಾರ ಮಾತನ್ನೂ ಕೇಳಿದವರಲ್ಲ. ಅಂದು ಮಾತ್ರ ಹೇಳದೆಯೇ ಬಂದು ಕುಳಿತರು.

ಕಾಕ ಅಂಗೈಯನ್ನು ಪೆಟ್ಟಿಗೆಯ ಮೇಲೆ ಊರಿ ಕುಳಿತರು. ಧ್ವನಿಯನ್ನು ಪೂರ್ತಿ ಏರಿಸಿ ಮುಳ್ಳನ್ನು ಇಳಿಸಿದೆ. ಹೊರ ಅಂಚಿನ ಅಲೆಗಳ ಮೇಲೆ ಅದು ಹಾರಿ ಹಾರಿ, ಮೊದಲ ಹಾಡಿನಿಂದ ಎರಡನೆಯದಕ್ಕೆ, ಎರಡರಿಂದ ನಾಲ್ಕಕ್ಕೆ ನೆಗೆಯಿತು. ತಟ್ಟೆಯನ್ನು ಮಗುಚಿದೆ, ಅಲ್ಲಿಯೂ ಅದೇ ಪಾಡು. ಕಾಕ ನನ್ನ ಮುಖ ನೋಡುತ್ತಿದ್ದರು. ನನಗೆ ಅವರನ್ನು ನೋಡಲಾಗಲಿಲ್ಲ. ಗೀರೂ ಇಲ್ಲದೆ ಮಟ್ಟಸವಾಗಿ ಉಳಿದಿದ್ದದ್ದು ಆ ಮಗ್ಗುಲಿನ ಕೊನೆಯ ಹಾಡೊಂದೇ. ಮುಳ್ಳನ್ನು ಅಲ್ಲಿಗೆ ತಂದಿಟ್ಟೆ.

ದಪ್ಪ ತಂತಿಯ ಗಿಟಾರಿನ ನಾಲ್ಕು ಪೆಟ್ಟು ಬಿತ್ತು. ನೆಲ ನಡುಗಿತು. ಡ್ರಮ್ಮು ಸೇರಿತು, ಆಮೇಲೆ ತುತ್ತೂರಿಗಳು.

ಕಾಕ ಏನೋ ಚುಚ್ಚಿದಂತೆ ಎದ್ದು ನಿಂತರು. ನೋವಿರಬೇಕೆಂದು ನಾನು ಧಾವಿಸಿದೆ. ಅವರು ನನ್ನನ್ನು ಸರಿಸಿ ನೇರವಾಗಿ ಬಾಗಿಲಿಗೆ ನಡೆದರು. ಚಿಲಕ ತೆಗೆದು ಎರಡೂ ಬಾಗಿಲುಗಳನ್ನು ಹಾರುಹೊಡೆದರು. ಬೆಂಕಿಯಂಥ ಗಾಳಿ ಒಳಗೆ ನುಗ್ಗಿತು. ಒಂದು ಬಾಗಿಲಿಗೆ ಬೆನ್ನು ಕೊಟ್ಟು, ಬಲಗೈಯನ್ನು ಬೀದಿಯ ಕಡೆ ಚಾಚಿ, ದೊಡ್ಡ ದನಿಯಲ್ಲಿ ಅರಬಿಯಲ್ಲೊಮ್ಮೆ, ಕನ್ನಡದಲ್ಲೊಮ್ಮೆ ಕೂಗಿದರು:

“ಯಲ್ಲಾ, ಯಲ್ಲಾ! ನಿಧಾನ, ನಿಧಾನ! ಹೆಂಗಸರು ಮಕ್ಕಳು ಮೊದಲು!”

“ಕಾಕ, ಕೂತು ಕೇಳಿ! ಉಳಿದಿರುವುದು ಇದೊಂದೇ ಹಾಡು!” ಎಂದು ಅವರೆದುರು ನಿಂತು, ಕೈಮುಗಿದು, ಬಾಯಿ ಅಗಲಿಸಿ ಹೇಳಿದೆ.

“ಕೂರುವುದು ಹೇಗೆ ಮಾಷ್ಟ್ರೇ? ಈ ಹಾಡು ಬಂತೆಂದರೆ ಸಿನೆಮಾ ಮುಗಿಯಿತು ಅಂತ. ಇದು ಶುರುವಾದ ಕೂಡಲೇ ನಾನು ಬಾಗಿಲು ತೆಗೆಯಬೇಕು. ಜನ ತಳ್ಳಿಕೊಂಡು ಬರುವುದು, ಚಪ್ಪಲಿ ಕಳೆದುಕೊಳ್ಳುವುದು, ಬೊಬ್ಬೆ... ಆ ಗಲಾಟೆಯಲ್ಲಿ ಇದೊಂದನ್ನು ಒಂದು ದಿನವೂ ಪೂರ್ತಿ ಕೇಳಲಿಕ್ಕೆ ಆಗಲಿಲ್ಲ.”

ಏನಾಯಿತೆಂದು ಕಫೀಲ್ ಕೇಳಿದರು. ನನ್ನ ಮುರುಕು ಅರಬಿಯಲ್ಲಿ ವಿವರಿಸಿದೆ. ಅವರು ಕುರ್ಚಿಯನ್ನು ಹಿಂದಕ್ಕೆ ಸರಿಸಿದರು. ಅನಂತರ ಎದ್ದು, ತಲೆವಸ್ತ್ರವನ್ನು ಸರಿಪಡಿಸಿಕೊಂಡು, ಚಿತ್ರ ನೋಡಿ ಮನೆಗೆ ಹೊರಟವರ ಗಾಂಭೀರ್ಯದಿಂದ ಕಾಕನ ಮುಂದೆ ಹಾದು ಬೀದಿಗಿಳಿದರು. ಅವರ ಹಿಂದೆ ಅಣ್ಣ. ಅಣ್ಣನ ಹಿಂದೆ ನಾನು. ಒಬ್ಬರಿಗೊಬ್ಬರು ತಾಗದಂತೆ, ಸದ್ದಿಲ್ಲದೆ, ಸಾಲಾಗಿ ನಡೆದು ಮೂವರೂ ಸುಡುಬಿಸಿಲಿನಲ್ಲಿ ನಿಂತೆವು.

ಒಳಗೆ ನಾಲ್ಕು ಬರಿಯ ಕುರ್ಚಿಗಳಿಗೆ ಆ ಹೆಂಗಸು ಹಾಡುತ್ತಿದ್ದಳು. ಅವಳ ದನಿ ಕಾಕನಿಗೆ ಎಷ್ಟು ಮುಟ್ಟಿತೋ ನಾನರಿಯೆ. ಆದರೆ ಗಿಟಾರಿನ ಪೆಟ್ಟಿಗೆ ಬಾಗಿಲ ಮರ ಅದುರುತ್ತಿತ್ತು, ಕಾಕ ಅದಕ್ಕೆ ತಲೆಯನ್ನೂ ಬೆನ್ನನ್ನೂ ಆನಿಸಿ ಕಣ್ಣು ಮುಚ್ಚಿದ್ದರು. ಚಾಚಿದ ಕೈಯನ್ನು ಮಾತ್ರ ಇಳಿಸಿರಲಿಲ್ಲ. ಹಾಡು ಮುಗಿದು, ಮುಳ್ಳು ಖಾಲಿ ಗೆರೆಯಲ್ಲಿ ಉಜ್ಜುವವರೆಗೂ ನಾವು ಅಲ್ಲಾಡಲಿಲ್ಲ. ಕಫೀಲ್ ಮುಖ ಒರೆಸಿಕೊಂಡರು. ಅದು ಬೆವರೇ ಇರಬೇಕು.

ಬಾಗಿಲ ಅದುರು ನಿಂತಾಗ ಕಾಕ ಕಣ್ಣು ತೆರೆದರು. ಒಂದು ಬಾಗಿಲನ್ನು ಎಳೆದು ಮುಚ್ಚಿ, ಇನ್ನೊಂದರ ಹಿಡಿಕೆಯ ಮೇಲೆ ಕೈಯಿಟ್ಟು, ನನ್ನನ್ನು ಹತ್ತಿರ ಕರೆದರು. ಕಫೀಲ್‌ಗೆ ಕೇಳಬಾರದೆಂದು ಅವರು ಗುಟ್ಟಾಗಿಯೇ ಹೇಳಿದರು. ಆದರೆ ತಮ್ಮ ದನಿ ಎಷ್ಟು ದೊಡ್ಡದೆಂದು ಅವರಿಗೆ ತಿಳಿಯದ ಕಾರಣ, ಅದು ಇಡೀ ಬೀದಿಗೆ ಕೇಳಿಸಿತು:

“ತಳ್ಳಾಟ ಇಲ್ಲದೆ ಖಾಲಿಯಾದ ಆಟ ಇದೊಂದೇ ಮಾಷ್ಟ್ರೇ. ಎಲ್ಲ ಸರಿಯಾಯಿತು. ಆದರೆ ಹೆಂಗಸರು ಮಕ್ಕಳು ಮೊದಲು ಅಂತ ನಾನು ಅಷ್ಟು ಬೊಬ್ಬೆ ಹಾಕಿದ್ದೆ. ಈ ಮನುಷ್ಯ ಯಾಕೆ ಮೊದಲು ಹೋದದ್ದು?”